ಭಟ್ಟಿಯ ಪಕ್ಕ ನಾಲ್ಕು ಚಳಿಗಾಲ

ಲಾ ಉಲೊತ್ ತೋಟ, ನಾರ್ಮಂಡಿ
೯ ಫೆಬ್ರವರಿ ೧೯೭೪

ನನ್ನ ಪ್ರೀತಿಯ ಅಮ್ಮ,

ಅತ್ತೆಯ ಮೇಲೆ ನಾನು ಬರೆದ ದೂರುಗಳನ್ನೆಲ್ಲ ಒಲೆಗೆ ಹಾಕಿಬಿಡು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಬಂದರಿನವಳು, ನಿನಗೆ ಮೀನು ಗೊತ್ತು, ಬ್ರಾಂದಿ ಗೊತ್ತಿಲ್ಲ. ಸೇಬಿನ ಸೈಡರನ್ನು ನಾವು ಎರಡು ಸಲ ಭಟ್ಟಿ ಇಳಿಸುತ್ತೇವೆ. ಎರಡನೆಯ ಸಲ ಮೊದಲು ಬರುವುದು ಘಾಟು, ಕೊನೆಗೆ ಬರುವುದು ಕಮಟು, ನಡುವಿನದಷ್ಟೇ ಪೀಪಾಯಿಗೆ. ಎಲ್ಲಿ ತಡೆಯಬೇಕೆಂದು ಮೂಗೇ ಹೇಳಬೇಕು. ಒರ್ತಾನ್ಸ್ ಅತ್ತೆ ನಾಲ್ಕು ಚಳಿಗಾಲದಿಂದ ನನ್ನನ್ನು ತಾಮ್ರದ ಹಂಡೆಯ ಪಕ್ಕ ದಿನವಿಡೀ ನಿಲ್ಲಿಸಿ, ಅಂಗೈಗೆ ಎರಡು ಹನಿ ಬಿಟ್ಟು ಮೂಸು ಎನ್ನುತ್ತಿದ್ದರು. ನಾನು ಹೇಳಿದ್ದಕ್ಕೆ ಹೂಂ ಇಲ್ಲ, ಊಹೂಂ ಇಲ್ಲ, ತಾವೂ ಮೂಸಿ ನಳಿಗೆಯ ಕೆಳಗಿನ ಪಾತ್ರೆ ಬದಲಿಸುತ್ತಿದ್ದರು. ನಿನ್ನೆಯಂತೂ ನೆರೆಯವರೆದುರು, ಬಂದರಿನ ಹುಡುಗಿಯ ಮೂಗಿಗೆ ಮೀನು ಬಿಟ್ಟು ಬೇರೇನು ಗೊತ್ತು ಎಂದು ನಕ್ಕರು.

ಇವತ್ತು ಮಧ್ಯಾಹ್ನ ನನ್ನ ಮೂಗು ತಪ್ಪಿತು. ಕಮಟು ಇನ್ನೂ ಬಂದಿಲ್ಲ ಎಂದೆ. ಅವರೂ ಮೂಸಿ ತಲೆಯಾಡಿಸಿದರು, ಪಾತ್ರೆ ಬದಲಿಸಲಿಲ್ಲ. ಕಮಟಿನ ಒದ್ದೆ ನಾಯಿಯಂಥ ವಾಸನೆ ಭಟ್ಟಿಯ ಕೊಟ್ಟಿಗೆಯೆಲ್ಲ ತುಂಬಿದರೂ ಅವರು ಆರಾಮವಾಗಿ ನಿಂತೇ ಇದ್ದರು. ಕೊನೆಗೆ ನಾನೇ ಪಾತ್ರೆ ಎಳೆದೆ. ಅಷ್ಟರಲ್ಲಿ ಇಡೀ ದಿನದ ಬ್ರಾಂದಿ ಕೆಟ್ಟಿತ್ತು.

ಕೆಟ್ಟಿತು ಎಂದೆ. ಅತ್ತೆ ಸ್ಟೂಲು ಎಳೆದುಕೊಂಡು ಕೂತರು.

"ಮೂಗು ಹೋಗಿ ನಾಲ್ಕು ವರ್ಷ ಆಯ್ತು ಕಣೇ, ಜ್ವರ ಬಂದಾಗಿಂದ ಯಾವ ವಾಸನೆಯೂ ಗೊತ್ತಾಗಲ್ಲ. ಇಷ್ಟು ದಿನ ನಿನ್ನ ಮೂಗಲ್ಲೇ ಕೆಲಸ ಮಾಡ್ತಿದ್ದೀನಿ. ನಿನ್ನ ಗಂಡನಿಗೆ ಗೊತ್ತಾದ್ರೆ ಭಟ್ಟಿ ಮುಚ್ಚಿಸಿ ಹಸು ಕಟ್ಟಿಬಿಡ್ತಾನೆ."

ಉಗ್ರಾಣಕ್ಕೆ ಹೋಗಿ ಒಂದು ಪೀಪಾಯಿಯ ಬಿರಡೆ ತೆಗೆದೆ. ಮಾಗಿದ ಸೇಬು, ಜೇನು, ಓಕ್ ಮರ. ಊರು ಹೊಗಳುವ ಈ ನಾಲ್ಕು ವರ್ಷದ ಬ್ರಾಂದಿಯೆಲ್ಲ ನಾನು ಹೇಳಿದಲ್ಲಿ ತಡೆದದ್ದು! ಚರ್ಚಿನೊಳಗೆ ನಿಂತವಳಂತೆ ತಲೆವಸ್ತ್ರ ಸರಿಮಾಡಿಕೊಂಡೆ, ನಗಬೇಡ. ಅಷ್ಟು ಬಿಗುಮಾನದ ಹೆಂಗಸು ತನ್ನ ನಲವತ್ತು ವರ್ಷದ ಹೆಸರನ್ನು ನನ್ನ ಕೈಗಿಟ್ಟು ಸುಮ್ಮನೆ ನಿಂತಿದ್ದರಲ್ಲ, ಎಂಥ ಎದೆಗಾರಿಕೆ ಅಮ್ಮ.

ಕೆಟ್ಟದ್ದನ್ನು ನಾಳೆ ಮತ್ತೆ ಹಂಡೆಗೆ ಸುರಿಯುತ್ತೇವೆ. ನನ್ನ ಗಂಡನಿಗೆ ಏನೂ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ ಮಗಳು,
ಒಡಿಲ್

ತಾ.ಕ.: ಮೂಗು ತಪ್ಪಿತೆಂದು ಬರೆದದ್ದು ಸುಳ್ಳು. ಕಮಟು ಬಂದ ಕ್ಷಣವೇ ಗೊತ್ತಾಗಿತ್ತು. ನಿನ್ನೆಯ ಸಿಟ್ಟಿಗೆ, ತಾವೇ ಮೂಸಿ ನೋಡಿಕೊಳ್ಳಲಿ ಎಂದು ಬೇಕೆಂದೇ ಹಾಗೆ ಹೇಳಿದೆ. ಅತ್ತೆಗೂ ಮೂಗು ತಪ್ಪಿತು ಎಂದೇ ಹೇಳಿದ್ದೆ. ಅವರು ನನ್ನ ಮುಖ ನೋಡಿ, "ನಿನ್ನದು ತಪ್ಪೋ ಮೂಗಲ್ಲ. ನಾಳೆ ಆರಕ್ಕೆ ಒಲೆ ಹಚ್ಚು, ನಾನು ಪಕ್ಕದಲ್ಲಿ ನಿಂತಿರ್ತೀನಿ" ಎಂದರು.