ಕಾಲು ತೋರಿಸಿದ ದಿನ

ಕೆ.ಆರ್. ಪೇಟೆ
17-6-1994

ಪ್ರೀತಿಯ ಅವ್ವಾ,

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದರೇ? ಕನ್ನಡಕ ತೆಗೆದಿಟ್ಟು ಒಲೆ ಮುಂದೆ ಕೂರಬೇಡ. ಕೂತರೆ ಮಂಗಳಕ್ಕ ಬೈಯಲಿ, ನನಗೇನೂ ಬೇಜಾರಿಲ್ಲ. ಇದನ್ನು ಅಕ್ಕನ ಮಗಳು ದಿವ್ಯ ನಿನಗೆ ಓದಿ ಹೇಳುತ್ತಿರುತ್ತಾಳೆ. ದಿವ್ಯಾ, ಯಾವ ಸಾಲನ್ನೂ ಹಾರಿಸಬೇಡಮ್ಮ.

ತಮ್ಮ ನಿಂಗರಾಜು ಚೆನ್ನಾಗಿದ್ದಾನೆ. ಶಿವರಾತ್ರಿ ಕಳೆದ ಮೇಲೆ ಅವನನ್ನು ನನ್ನ ಮನೆಯಲ್ಲಿ ಬಿಟ್ಟು ನೀನು ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಅಕ್ಕನ ಮನೆಗೆ ಹೋದೆಯಲ್ಲ, ಆಗ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ಅಂಗವಿಕಲರ ಮಾಸಾಶನಕ್ಕೆ ಅವನ ಅರ್ಜಿ ಹಾಕಿದೆ. “ನನ್ನ ಮಗ ಯಾರ್ತಾವೂ ಕೈ ಒಡ್ಡಾಕಿಲ್ಲ” ಎಂದು ನೀನು ಹದಿನೈದು ವರ್ಷದಿಂದ ಹೇಳುತ್ತಿದ್ದೀಯ. ನಾನೂ ಸುಮ್ಮನಿದ್ದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಒಂದು ಫಾರಂ ತುಂಬುವುದು ಕಷ್ಟವಿತ್ತೇ? ನಿನ್ನ ಮೇಲಿನ ಗೌರವದಿಂದ ಸುಮ್ಮನಿದ್ದೆನೋ, ತಮ್ಮನಿಗೆ ಪೋಲಿಯೋ ಎಂದು ಕಚೇರಿಯಲ್ಲಿ ಬರೆದುಕೊಡುವ ಸಂಕೋಚದಿಂದಲೋ? ಯೋಚಿಸಿದರೆ, ಎರಡನೆಯದೇ ಇರಬೇಕು.

ಸರ್ಟಿಫಿಕೇಟಿಗಾಗಿ ಅವನನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮಾಡಿದ ತಪ್ಪು ಕೇಳು. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಡಿಸಿ, ಜರಿಯಂಚಿನ ಪಂಚೆಯನ್ನು ಪಾದ ಮುಚ್ಚುವಂತೆ ಉಡಿಸಿದ್ದೆ. ಅವನೂ ನೀನು ಕಲಿಸಿದಂತೆ ಊರುಗೋಲನ್ನು ಬೆಂಚಿನ ಹಿಂದೆ ಸರಿಸಿ, ಕಾಲು ಮಡಚಿಟ್ಟು ನಗುತ್ತಾ ಕೂತಿದ್ದ. ನೀರು ಹೊರುತ್ತೀಯಾ ಎಂದು ಡಾಕ್ಟರು ಕೇಳಿದರೆ, “ಎಲ್ಡು ಬಿಂದ್ಗೆ ತರ್ತೀನಿ, ಅದೇನ್ ಮಹಾ ಬುಡಿ ಸಾ” ಎಂದ. ಅಷ್ಟು ಸಾಲದೆಂದು ನಾನು, ರೇಡಿಯೋ ರಿಪೇರಿ ಮಾಡುತ್ತಾನೆ, ಬೀಡಿ ಮುಟ್ಟುವುದಿಲ್ಲ ಎಂದು ಸೇರಿಸಿದೆ! ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು.

ನಮ್ಮ ಹಿಂದೆ ಪಾಂಡವಪುರದ ಕಡೆಯ ಬೆಟ್ಟಮ್ಮ ಎಂಬಾಕೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. “ಏನವ್ವಾ, ಗಂಡು ತೋರ್ಸಕ್ಕೆ ಕರ್ಕೊಂಡ್ಬಂದಿದ್ದೀಯಾ? ಡಾಕ್ಟ್ರು ಮಗಳ್ನ ಕೊಡಾಕಿಲ್ಲ ಕಣವ್ವ, ಕಾಲು ತೋರ್ಸು!” ಎಂದಳು. ಇಡೀ ಸಾಲು ನಕ್ಕಿತು. ನಾನು ತಲೆ ತಗ್ಗಿಸಿದೆ. ಆದರೆ ಎಲ್ಲರಿಗಿಂತ ಮೊದಲು ನಕ್ಕವನು ನಿಂಗರಾಜುವೇ. ನಗುತ್ತಲೇ, ತಾನಾಗಿ ಪಂಚೆಯನ್ನು ತೊಡೆಯವರೆಗೂ ಎತ್ತಿದ. ಅವ್ವಾ, ಆ ಕಾಲನ್ನು ನಾನೂ ಇಪ್ಪತ್ತು ವರ್ಷದಿಂದ ನೋಡಿರಲಿಲ್ಲ. ನನ್ನ ಮುಂಗೈಯಷ್ಟೇ ದಪ್ಪ ಇದೆ. ಡಾಕ್ಟರು ಮತ್ತೆ ಪೆನ್ನು ತೆಗೆದರು.

ಮಂಜೂರಾದ ಕಾಗದ ಇವತ್ತು ತಾಲ್ಲೂಕು ಕಚೇರಿಯಿಂದ ಬಂತು. ಇನ್ನು ಮೇಲೆ ತಿಂಗಳು ತಿಂಗಳು ಮನಿಯಾರ್ಡರು ಅವನ ಹೆಸರಿಗೇ ಬರುತ್ತದೆ. ಯಾರನ್ನೂ ಕೇಳದೆ ರೇಡಿಯೋ ಸಾಮಾನು ತರಬಹುದೆಂದು ಬೆಳಗಿನಿಂದ ಹಾಡಿಕೊಳ್ಳುತ್ತಿದ್ದಾನೆ. ನನ್ನ ಎದೆಯೂ ಹಗುರಾಗಿದೆ. ನಿನಗೆ ಕೋಪ ಬಂದಿದ್ದರೆ ಬೈದಾದರೂ ಒಂದು ಕಾಗದ ಬರೆಸು.

ಅಕ್ಕ ಭಾವನಿಗೆ ನಮಸ್ಕಾರ, ದಿವ್ಯಳಿಗೆ ಮುದ್ದು. ನಿನ್ನ ಕಣ್ಣು ಬೇಗ ತಿಳಿಯಾಗಲಿ.

ನಿನ್ನ ಮಗಳು
ಯಶೋದ

ತಾ.ಕ.: ಮುಂದಿನ ಭಾನುವಾರ ನನ್ನ ಮಗಳು ಮಾನಸಳನ್ನು ನೋಡಲು ನಾಗಮಂಗಲದ ಗಂಡಿನವರು ಬರುತ್ತಾರೆ. ಅವತ್ತು ನಿಂಗನನ್ನು ಶೀಳನೆರೆಯ ಚಿಕ್ಕಮ್ಮನ ಮನೆಗೆ ಕಳಿಸು ಎಂದು ಬರೆಸಿದ್ದೀಯ. ಅಕ್ಕನನ್ನು ನೋಡಲು ಬಂದಾಗಲೂ, ನನ್ನನ್ನು ನೋಡಲು ಬಂದಾಗಲೂ ಹಾಗೇ ಕಳಿಸಿದ್ದೆವು. ಈ ಸಲ ಅವನು “ಓಗಾಕಿಲ್ಲ ಕಣಕ್ಕ. ಡಾಕ್ಟ್ರಿಗೇ ತೋರ್ಸಿದ್ದೀನಿ, ಬೀಗ್ರಿಗೇನು?” ಎಂದ. ಬಲವಂತ ಮಾಡಲಿಲ್ಲ. ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ಅವನ ಕುರ್ಚಿ ಹಾಕುತ್ತೇನೆ. ಕಣ್ಣಿಗೆ ಆಗುವುದಾದರೆ ಬಾ ಅವ್ವಾ, ಪಕ್ಕದ ಕುರ್ಚಿ ನಿನಗೆ.