ದನಗಳಿಗೆ ತಮಟೆ, ತಾಯಿಗೆ ಪಾಠ

ಮಾನ್ಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ,

ನಮ್ಮೂರಿನ ಪುಟ್ಟಸಿದ್ದಮ್ಮನ ಮಗು ವಿಷವೇರಿ ಆಸ್ಪತ್ರೆ ಸೇರಿದ್ದರ ಬಗ್ಗೆ ತಮ್ಮ ಕಚೇರಿ ತಯಾರಿಸಿದ ವರದಿಯಲ್ಲಿ 'ಕಾರಣ' ಎಂಬ ಕಾಲಂನ ಮುಂದೆ 'ತಾಯಿಯ ಅಜ್ಞಾನ' ಎಂದು ಟೈಪು ಮಾಡಿದ್ದೀರಿ. ಕೆಳಗೆ ಊರಿನ ಅಂಗನವಾಡಿ ಕಾರ್ಯಕರ್ತೆಯ ಸಹಿಗೆ ಜಾಗ ಬಿಟ್ಟಿದ್ದೀರಿ. ಆ ಕಾರ್ಯಕರ್ತೆ ನಾನು. ನಾನು ಸಹಿ ಹಾಕುವುದಿಲ್ಲ. ಯಾಕೆ ಹಾಕುವುದಿಲ್ಲ ಎಂದು ಎರಡು ಸಲ ಟಪಾಲಿನಲ್ಲಿ ಬರೆದು ತಿಳಿಸಿದೆ. ಎರಡು ಸಲವೂ 'ಕೂಡಲೇ ಸಹಿ ಮಾಡಿ ಕಳುಹಿಸತಕ್ಕದ್ದು' ಎಂಬ ಚೀಟಿ ಅಂಟಿಸಿಕೊಂಡು ವರದಿ ವಾಪಸು ಬಂತು. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಬೆಳಿಗ್ಗೆ ಟಪಾಲಿಗಿಂತ ಮೊದಲು ಪೇಪರು ಬಿಚ್ಚುವುದನ್ನು ಕಣ್ಣಾರೆ ಕಂಡಿದ್ದೇನೆ.

ಪುಟ್ಟಸಿದ್ದಮ್ಮ ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಸೆಪ್ಟೆಂಬರ್ ಒಂದರಂದು ಪೌಷ್ಟಿಕ ಆಹಾರ ಸಪ್ತಾಹದ ಉದ್ಘಾಟನೆಗೆ ತಾವು ನಮ್ಮೂರಿಗೆ ದಯಮಾಡಿಸಿದ್ದಿರಲ್ಲ, ಆಗ ಮುಂದಿನ ಸಾಲಿನಲ್ಲಿ ಎರಡೂವರೆ ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದವಳು. ಜಿಲ್ಲೆ ಹೊಸದು, ಜೀಪು ಹೊಸದು, ಗೋಡೆಗೆ ನೇತುಹಾಕಿದ ಚಾರ್ಟು ಮಾತ್ರ ನಾನು ಕೆಲಸಕ್ಕೆ ಸೇರಿದಾಗಿನದೇ. ಸೇಬು, ಕಿತ್ತಳೆ, ಕ್ಯಾರೆಟ್ಟು, ಕೋಸು, ಪಾಲಕ್ ಸೊಪ್ಪು. ತಮ್ಮ ಜೊತೆ ಬಂದ ಮೇಲ್ವಿಚಾರಕಿ ಪಾಲಕ್ ಸೊಪ್ಪಿನ ಮೇಲೆ ಕೋಲಿಟ್ಟು ಇದೇನು ಹೇಳಿ ಎಂದರು. ಯಾರಿಗೂ ಗೊತ್ತಾಗಲಿಲ್ಲ. ಈ ಜನಕ್ಕೆ ಸೊಪ್ಪು ಯಾವುದೆಂದೇ ತಿಳಿಯದು ಎಂದು ತಾವು ಇಂಗ್ಲಿಷಿನಲ್ಲಿ ಅಂದಿರಿ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಆಗ ಪುಟ್ಟಸಿದ್ದಮ್ಮ ಬೆರಳು ಮಡಿಸುತ್ತಾ ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ, ಗೋಣಿ ಎಂದು ಒಂದೇ ಉಸಿರಿಗೆ ಹನ್ನೊಂದು ಸೊಪ್ಪಿನ ಹೆಸರು ಹೇಳಿದಳು. ಅವು ಯಾವುವೂ ಚಾರ್ಟಿನಲ್ಲಿ ಇರಲಿಲ್ಲವಾದ್ದರಿಂದ ಉತ್ತರ ತಪ್ಪಾಯಿತು, ಬಹುಮಾನದ ಸ್ಟೀಲ್ ಲೋಟ ಯಾರಿಗೂ ಸಿಗದೆ ಜೀಪಿನಲ್ಲೇ ವಾಪಸು ಹೋಯಿತು.

ಆ ಹನ್ನೊಂದು ಸೊಪ್ಪು ಎಲ್ಲಿಂದ ಬರುತ್ತವೆ ಎಂದು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಈ ಕಡೆ ಹೊಲದಲ್ಲಿ ಕಳೆ ಕೀಳಲು ಹೋದ ಹೆಂಗಸು ಕಿತ್ತ ಕಳೆಯಲ್ಲಿ ತಿನ್ನುವಂಥದ್ದನ್ನೆಲ್ಲ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಅದು ಅವಳದು. ಯಾವ ಯಜಮಾನನೂ ಬೇಡ ಅನ್ನುವುದಿಲ್ಲ, ಅನ್ನುವಷ್ಟು ಅದಕ್ಕೆ ಬೆಲೆಯೂ ಇಲ್ಲ. ಸಂಜೆ ಅದು ಬೆರಕೆ ಸೊಪ್ಪಿನ ಉಪ್ಸಾರಾಗಿ ಮುದ್ದೆಯ ಜೊತೆ ಮನೆಮಂದಿಯ ಹೊಟ್ಟೆ ಸೇರುತ್ತದೆ. ಸ್ವಂತಕ್ಕೆ ಒಂದು ಗುಂಟೆ ನೆಲವಿಲ್ಲದ, ಹಿತ್ತಿಲೂ ಇಲ್ಲದ ಕಾಲೋನಿಯ ಮಕ್ಕಳು ಹಸಿರು ಅಂತ ಕಂಡಿರುವುದು ಇದೊಂದನ್ನೇ. ಹದಿನಾಲ್ಕು ವರ್ಷದಿಂದ ಈ ಮಕ್ಕಳ ಬಾಯಿ ತೆರೆಸಿ ನೋಡುತ್ತಿದ್ದೇನೆ, ಕಳೆ ಕೀಳುವ ತಿಂಗಳುಗಳಲ್ಲಿ ಬಾಯಿಹುಣ್ಣು ಕಮ್ಮಿ. ಅದನ್ನು ಬರೆಯಲು ತಾವು ಕಳಿಸುವ ಯಾವ ನಮೂನೆಯಲ್ಲೂ ಜಾಗವಿಲ್ಲ.

ಇನ್ನು ವೃಷಭೇಂದ್ರಪ್ಪನವರು. ಇವರು ತಮಗೆ ಪರಿಚಿತರು. ಉದ್ಘಾಟನೆಯ ದಿನ ವೇದಿಕೆಯಲ್ಲಿ ತಮ್ಮ ಬಲಗಡೆ ಕೂತಿದ್ದರು, ಮೇಜಿನ ಮೇಲೆ ತಾವರೆಯಂತೆ ಕತ್ತರಿಸಿಟ್ಟಿದ್ದ ಕೋಸು ಅವರ ಹೊಲದ್ದು, ತಾವು ಅದನ್ನು ಕೈಯಲ್ಲಿ ಹಿಡಿದು ಇಂಥದ್ದನ್ನು ಮಕ್ಕಳಿಗೆ ಕೊಡಬೇಕು ಎಂದು ತಾಯಂದಿರಿಗೆ ಬೋಧಿಸಿದಿರಿ. ಆ ಕೋಸು ನಮ್ಮ ಮಕ್ಕಳ ಬಾಯಿಗೆ ಎಂದೂ ಬಿದ್ದದ್ದಿಲ್ಲ, ಲಾರಿ ಹತ್ತಿ ಕೇರಳಕ್ಕೆ ಹೋಗುತ್ತದೆ. ಪುಟ್ಟಸಿದ್ದಮ್ಮನ ಗಂಡ ನಾಗೇಂದ್ರನೇ ಅದನ್ನು ಲೋಡು ಮಾಡಿ ಲಾರಿಯ ಜೊತೆ ಘಟ್ಟ ಇಳಿದು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಉದ್ಘಾಟನೆಯ ವಾರದ ಶನಿವಾರ ವೃಷಭೇಂದ್ರಪ್ಪನವರು ಕೋಸಿಗೆ ಹುಳು ಬಿತ್ತೆಂದು ಔಷಧಿ ಹೊಡೆಸಿದರು. ಸಂಜೆ ದನ ಮನೆಗೆ ಬರುವ ಹೊತ್ತಿಗೆ ಊರಿಗೆ ಡಂಗುರ ಸಾರುವ ಮೂಗಯ್ಯ ಬೀದಿಬೀದಿಗೂ ತಮಟೆ ಬಡಿದ.

"ವೃಷಭೇಂದ್ರಪ್ನೋರ ಕೋಸಿನ ಒಲಕ್ಕ ಔಸ್ದಿ ಒಡ್ದವ್ರ. ಎಂಟು ದಿನ ದನ, ಕುರಿ, ಆಡು ಯಾರೂ ಬುಡ್ಬ್ಯಾಡಿ ಕಣ್ರಪ್ಪೋ."

ನಾನೂ ಕೇಳಿಸಿಕೊಂಡೆ. ನನಗೆ ದನವಿಲ್ಲ. ಜಗಲಿಯಲ್ಲಿ ಕೂತು ಮುಂದಿನ ವಾರದ ಪಾಠಕ್ಕೆ ತರಕಾರಿ ಚಿತ್ರಗಳಿಗೆ ಬಣ್ಣ ಹಾಕುತ್ತಿದ್ದೆ, ಹಾಕುತ್ತಲೇ ಇದ್ದೆ.

ಮೂರನೆಯ ದಿನ, ಮಂಗಳವಾರ, ಅದೇ ಹೊಲಕ್ಕೆ ಕಳೆ ಕೀಳಲು ವೃಷಭೇಂದ್ರಪ್ಪನವರು ಹನ್ನೆರಡು ಹೆಂಗಸರನ್ನು ಕರೆಸಿದರು. ದಯವಿಟ್ಟು ಈ ವಾಕ್ಯವನ್ನು ಇನ್ನೊಂದು ಸಲ ಓದಿ. ದನ ಎಂಟು ದಿನ ಹೋಗಬಾರದ ಹೊಲಕ್ಕೆ ಹೆಂಗಸರು ಮೂರನೆಯ ದಿನ ಹೋದರು. ಕೂಗಿ ಕರೆಸಿದ್ದಾರೆಂದರೆ ಮನುಷ್ಯರಿಗೆ ಏನೂ ಆಗಲಾರದು ಎಂದುಕೊಂಡರು. ಹಾಗೆ ಅಂದುಕೊಂಡಿದ್ದು ಅಜ್ಞಾನವೇ? ಬರಿಗೈಯಲ್ಲಿ ಇಡೀ ದಿನ ಕಿತ್ತರು, ಎಂದಿನಂತೆ ಸೊಪ್ಪು ಆರಿಸಿ ಮಡಿಲಿಗೆ ಹಾಕಿಕೊಂಡರು. ಬದುವಿನ ಮೇಲೆ ನಿಂತಿದ್ದ ಯಜಮಾನರು ನೋಡಿಯೂ ಏನೂ ಅನ್ನಲಿಲ್ಲ.

ಹಿಂದಿನ ಬುಧವಾರವಷ್ಟೇ ನಾನು ತಮ್ಮ ಸುತ್ತೋಲೆಯ ಪ್ರಕಾರ ಪಾಠ ಮಾಡಿದ್ದೆ. ಎರಡು ವರ್ಷ ದಾಟಿದ ಮಗುವಿಗೆ ದಿನಾ ಒಂದು ಹಿಡಿ ಸೊಪ್ಪು, ಮೂರು ನೀರಿನಲ್ಲಿ ತೊಳೆದು, ಖಾರ ಹಾಕುವ ಮೊದಲೇ ಬೇರೆ ತೆಗೆದು, ಕಿವುಚಿ ತಿನ್ನಿಸಬೇಕು. ಆ ಹನ್ನೆರಡು ಜನರಲ್ಲಿ ಒಬ್ಬಳಾಗಿದ್ದ ಪುಟ್ಟಸಿದ್ದಮ್ಮ ಹೊಲದಿಂದ ತಂದ ಸೊಪ್ಪನ್ನು ಒಂದಕ್ಷರ ತಪ್ಪದೆ ಹಾಗೇ ಮಾಡಿ ಮಗಳಿಗೆ ತಿನ್ನಿಸಿದಳು. ನನ್ನ ಪಾಠವನ್ನು ಅಷ್ಟು ಚೆನ್ನಾಗಿ ಕಲಿತ ತಾಯಿ ಇನ್ನೊಬ್ಬಳಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಸ್ಪಂದನಾಳ ಬಾಯಲ್ಲಿ ನೊರೆ ಬಂತು, ಕೈಕಾಲು ಸೆಟೆದುಕೊಂಡವು. ಸೊಪ್ಪು ತಿಂದ ಇನ್ನೂ ಐದು ಮನೆಗಳಲ್ಲಿ ವಾಂತಿ ಭೇದಿಯಾಗಿ ದೊಡ್ಡವರು ಹೇಗೋ ಚೇತರಿಸಿಕೊಂಡರು. ಈ ಕೂಸನ್ನು ಅದರ ಅಜ್ಜಿ, ನಾಗೇಂದ್ರನ ತಾಯಿ ಗುರುಮಲ್ಲಮ್ಮ, ಎದೆಗವಚಿಕೊಂಡು ಟೆಂಪೋ ಹತ್ತಿದರು, ನಾನೂ ಪುಟ್ಟಸಿದ್ದಮ್ಮನೂ ಹಿಂದೆ. ಗುಂಡ್ಲುಪೇಟೆಯಲ್ಲಿ ಡಾಕ್ಟರು ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದವರೇ ಸೂಜಿ ಚುಚ್ಚಿದರು. ನಾಲ್ಕು ದಿನದ ಮೇಲೆ ಮಗು ಅಮ್ಮಾ ಅಂದಿತು. ಆ ಡಾಕ್ಟರು ಚೀಟಿಯಲ್ಲಿ ಬರೆದದ್ದು 'ಬೆಳೆಗೆ ಹೊಡೆದ ಕೀಟನಾಶಕ' ಎಂದು. ನಾನೇ ಓದಿದ್ದೇನೆ, ಚೀಟಿ ನನ್ನ ಬಳಿಯೇ ಇದೆ.

ಆ ಚೀಟಿಯನ್ನು ತಮ್ಮ ಮೇಜಿನ ಮೇಲಿಟ್ಟಾಗ ತಾವು ಹೇಳಿದ್ದು ನೆನಪಿದೆಯೇ? ಕೀಟನಾಶಕ ಕೃಷಿ ಇಲಾಖೆಗೆ ಸೇರಿದ್ದು, ಅದು ನಮ್ಮ ಕಾಲಂಗೆ ಬರುವುದಿಲ್ಲ ಎಂದಿರಿ. ಸರಿ, ಔಷಧಿ ಕೃಷಿಯವರದು. ತಮಟೆ ಪಂಚಾಯಿತಿಯವರದು. ಹೊಲ ವೃಷಭೇಂದ್ರಪ್ಪನವರದು. ಹುಡುಕಿ ಹುಡುಕಿ ಕೊನೆಗೆ ನಮ್ಮ ಇಲಾಖೆಯ ಪಾಲಿಗೆ ಉಳಿದದ್ದು ತಾಯಿಯ ಅಜ್ಞಾನವೊಂದೇ. ಅದನ್ನಾದರೂ ಬಿಟ್ಟುಕೊಡಬಾರದೆಂದು ಟೈಪು ಹೊಡೆಸಿಬಿಟ್ಟಿರಿ. ವರದಿಯಲ್ಲಿ ವೃಷಭೇಂದ್ರಪ್ಪನವರ ಹೆಸರು ಎಲ್ಲಿಯೂ ಇಲ್ಲ. ಅವರಿಗೆ ಗೊತ್ತಿತ್ತು ಸ್ವಾಮಿ, ಗೊತ್ತಿದ್ದಕ್ಕೇ ದನಗಳನ್ನು ಬಿಡಬೇಡಿ ಎಂದು ಸಾರಿಸಿದ್ದು. ಗೊತ್ತಿದ್ದವರ ಹೆಸರಿಲ್ಲದ ವರದಿಯಲ್ಲಿ ಗೊತ್ತಿಲ್ಲದವಳ ಹೆಸರು ಮಾತ್ರ ಯಾಕೆ ಬಂತು?

ಕಡತದಲ್ಲಿ ಬಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ ಸೆಪ್ಟೆಂಬರ್ ಕೊನೆಯ ತಾಯಂದಿರ ಸಭೆಯಲ್ಲಿ ಮೇಲ್ವಿಚಾರಕಿ ಅದನ್ನು ಗಟ್ಟಿಯಾಗಿ ಓದಿ, ಇದೇ ಊರಿನ ಒಬ್ಬ ತಾಯಿಯಿಂದ ನೀವೆಲ್ಲ ಬುದ್ಧಿ ಕಲಿಯಬೇಕು ಅಂದರು. ಹೆಸರು ಹೇಳಲಿಲ್ಲ, ಅಷ್ಟು ದಾಕ್ಷಿಣ್ಯವಿತ್ತು. ಎಲ್ಲರೂ ಪುಟ್ಟಸಿದ್ದಮ್ಮನತ್ತ ತಿರುಗಿದರು. ಮಾರನೆಯ ದಿನವೇ ಗುರುಮಲ್ಲಮ್ಮ ಮೊಮ್ಮಗಳನ್ನು ಎತ್ತಿಕೊಂಡು ಕುದೇರಿನ ಮಗಳ ಮನೆಗೆ ಹೋದರು. ಲಾರಿಯಿಂದ ಬಂದ ನಾಗೇಂದ್ರ ತಾಯಿಗೆ ಎದುರಾಡಲಿಲ್ಲ. ನಲವತ್ತು ದಿನವಾಯಿತು. ಪುಟ್ಟಸಿದ್ದಮ್ಮ ಒಂದು ಸಲ ಬಸ್ಸು ಹತ್ತಿ ಹೋಗಿ ಮಗಳನ್ನು ನೋಡಿ ಬಂದಳು. ಎತ್ತಿಕೊಳ್ಳಲು ಬಿಟ್ಟರಂತೆ, ಒಂದು ತುತ್ತು ತಿನ್ನಿಸಲು ಬಿಡಲಿಲ್ಲವಂತೆ.

ಗುರುಮಲ್ಲಮ್ಮ ಕೆಟ್ಟವರಲ್ಲ. ಆ ಸಂಜೆ ಟೆಂಪೋದಲ್ಲಿ ಕೂಸನ್ನು ಯಾರ ಕೈಗೂ ಕೊಡದೆ ಕೂತಿದ್ದುದನ್ನು ನಾನು ಮರೆತಿಲ್ಲ. ಕುದೇರಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ, ಡಾಕ್ಟರ ಚೀಟಿಯನ್ನೂ ಓದಿದೆ. ಪೂರ್ತಿ ಕೇಳಿಸಿಕೊಂಡು ಇಷ್ಟೇ ಅಂದರು:

"ಸರ್ಕಾರದೋರು ಬರ್ದು ಓದವ್ರ, ತಾಯ್ಗ ತಿಳೀದು ಅಂತ. ಆ ಸರ್ಕಾರದೋರ ಕೈಲೇ ತಪ್ಪಾಯ್ತು ಅಂತ ಬರುಸ್ಕಂಡು ಬಾ ಟೀಚರಮ್ಮ. ಅವತ್ತೇ ಕೂಸ ಕಳುಸ್ಕೊಟ್ಟೇನು."

ವರದಿಯ ಕೊನೆಗೆ ತಾವು ಒಂದು ಶಿಫಾರಸನ್ನೂ ಮಾಡಿದ್ದೀರಿ: ಸದರಿ ತಾಯಿಗೆ ಹನ್ನೆರಡು ವಿಶೇಷ ಪಾಠ. ಪ್ರತಿ ಬುಧವಾರ ಪುಟ್ಟಸಿದ್ದಮ್ಮ ತಪ್ಪದೆ ಬಂದು ಬರಿದಾದ ಮಡಿಲಲ್ಲಿ ಕೈಯಿಟ್ಟುಕೊಂಡು ಕೂರುತ್ತಾಳೆ. ನಾನು ಪಾಲಕ್ ಸೊಪ್ಪಿನ ಚಿತ್ರ ಎತ್ತಿ ಹಿಡಿಯುತ್ತೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮೊನ್ನೆ ಆರನೆಯ ಪಾಠ ಮುಗಿದ ಮೇಲೆ ಅವಳು ಎದ್ದು ಹೋಗದೆ ಅಲ್ಲೇ ನಿಂತಳು.

"ಟೀಚರಮ್ಮ, ಅನ್ನೆರಡೂ ಮುಗುದ್ಮೇಲ, ಇವುಳ್ಗ ಈಗ ಗೊತ್ತದ ಅಂತ ಬರ್ದು ಕೊಟ್ಟಾರಾ?"

ಅದಕ್ಕೆ ಉತ್ತರ ಕೊಡಬೇಕಾದವರು ತಾವು.

ಕೇಳುತ್ತಿರುವುದು ಅನುದಾನವಲ್ಲ, ಕಟ್ಟಡವಲ್ಲ. ವರದಿಯಿಂದ 'ತಾಯಿಯ ಅಜ್ಞಾನ' ಎಂಬುದನ್ನು ಹೊಡೆದುಹಾಕಿ, ಡಾಕ್ಟರು ಬರೆದದ್ದನ್ನು ಬರೆದು, ಮೊಹರು ಹಾಕಿದ ಒಂದು ಪ್ರತಿಯನ್ನು ನನಗೆ ಕಳಿಸಿ. ಕುದೇರಿಗೆ ನಾನೇ ಒಯ್ಯುತ್ತೇನೆ. ಔಷಧಿ ಹೊಡೆದ ಹೊಲಕ್ಕೆ ಹೆಂಗಸರನ್ನೂ ಕರೆಯಕೂಡದು ಎಂದು ಮೂಗಯ್ಯನ ಕೈಲಿ ಸಾರಿಸಲು ಯಾವ ಇಲಾಖೆಯ ಅಪ್ಪಣೆ ಬೇಕೋ ಅದನ್ನೂ ತಿಳಿಸಿ. ಕಾಲಂ ಖಾಲಿ ಬಿಡುವಂತಿಲ್ಲ, ಅಜ್ಞಾನ ಯಾರದಾದರೂ ಇರಲೇಬೇಕು ಎಂದು ನಿಯಮವಿದ್ದರೆ 'ಕಾರ್ಯಕರ್ತೆಯ ಅಜ್ಞಾನ' ಎಂದು ಟೈಪು ಮಾಡಿಸಿ. ತಮಟೆ ಕೇಳಿಯೂ ಬಣ್ಣ ಹಾಕುತ್ತಾ ಕೂತಿದ್ದವಳು ನಾನು. ಆ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಮಾಡುತ್ತೇನೆ. ಅಜ್ಜಿ ಕೇಳುವುದು ತಾಯಿಯ ತಪ್ಪಲ್ಲ ಎಂಬುದೊಂದನ್ನೇ.

ಇಂತಿ,
ದನವಿಲ್ಲದ್ದರಿಂದ ತಮಟೆಗೆ ಕಿವಿಗೊಡದೆ ಹೋದ,
ಶಾಂತಿ
ಅಂಗನವಾಡಿ ಕಾರ್ಯಕರ್ತೆ, ಭೀಮನಬೀಡು ಕಡೆಯ ಒಂದು ಊರು, ಗುಂಡ್ಲುಪೇಟೆ ತಾಲ್ಲೂಕು
೬ ನವೆಂಬರ್ ೧೯೯೮