ಇಳಿಯದೇ ಬಿಟ್ಟ ಸ್ಟಾಪು

ಗುರುವಾರ, ಹನ್ನೆರಡನೇ ತಾರೀಖು.

ಬೆಳಿಗ್ಗೆಯಿಂದ ಒಂದೇ ಯೋಚನೆ ತಲೆ ಕೊರೆಯುತ್ತಿತ್ತು. ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು "ಸುಣ್ಣದಗೂಡು, ಸುಣ್ಣದಗೂಡು" ಎಂದು ಕೂಗಿದ ಕಂಡಕ್ಟರ್ ನಾನು. ಸುಣ್ಣ ಸುಡುವ ಆ ಗೂಡು ಎಲ್ಲಿದೆಯೆಂದು ಒಮ್ಮೆಯೂ ಇಳಿದು ನೋಡಿರಲಿಲ್ಲ. ನಿವೃತ್ತನಾದ ಮೇಲೆ ಇಂಥ ಸ್ಟಾಪುಗಳಲ್ಲಿ ಇಳಿದು ಅಲೆಯಲು ಹೊರಟು ಇಂದಿಗೆ ಮೂರನೇ ದಿನ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಿ ಎಂದು ಹೆಂಡತಿ ನಗುತ್ತಾಳೆ.

ಸ್ಟಾಪಿನ ಹಿಂದಿನ ಗಲ್ಲಿಯ ತುಂಬ ಬೆತ್ತದ ಕುರ್ಚಿ ಹೆಣೆಯುವವರು. ಗೋಡೆಗೊರಗಿ ಹೆಣೆಯುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ, "ಗೂಡು ಎಲ್ಲಿದೆ, ಯಜಮಾನ್ರೇ?"

"ಗೂಡೂ ಇಲ್ಲ, ಸುಣ್ಣಾನೂ ಇಲ್ಲ. ನಮ್ಮಪ್ಪನ ಕಾಲಕ್ಕೇ ಕೆಡವಿಬಿಟ್ರು" ಎಂದವರು ಕೈಕೆಲಸ ನಿಲ್ಲಿಸಿ ತಲೆಯೆತ್ತಿದರು. "ಎಂಟೂ ಕಾಲರ ಬಸ್ಸಿನೋರಲ್ವಾ ನೀವು? ಈ ಗೋಡೆ ಆಚೆಯಿಂದ ನಿಮ್ಮ ಕೂಗು ಕೇಳಿದ ಮೇಲೇ ನಾನು ಕೆಲಸಕ್ಕೆ ಕೂರ್ತಿದ್ದೆ. ಮೂರು ತಿಂಗಳಿಂದ ಕೇಳಿಸ್ಲಿಲ್ಲ. ಹೋಗೇಬಿಟ್ರೇನೋ ಅಂದ್ಕೊಂಡೆ."

"ಇದ್ದೀನಿ, ರಿಟೈರಾದೆ ಅಷ್ಟೇ" ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದನಿ ಕೇಳಿ ಎತ್ತರದ ಆಳು ಅಂದ್ಕೊಂಡಿದ್ದೆ" ಎಂದರು. ಇಬ್ಬರೂ ನಕ್ಕೆವು. ಆಮೇಲೆ ಆಗಷ್ಟೇ ಹೆಣೆದು ಮುಗಿಸಿದ್ದ ಕುರ್ಚಿಯೊಂದನ್ನು ನನ್ನತ್ತ ಎಳೆದರು.

"ಇಷ್ಟು ವರ್ಷ ನಿಂತೇ ಹೋಗ್ತಿದ್ರಿ. ಈಗಾದ್ರೂ ಕೂತ್ಕೊಳ್ಳಿ."

ಕೂತೆ. ಗಲ್ಲಿಯಲ್ಲಿ ದೀಪ ಹತ್ತುವವರೆಗೂ ಏಳಲಿಲ್ಲ.